ಟ್ರೇಲರ್ ಹಿಂದಕ್ಕೆ ಬಿಡುವ ಕಲಿಕೆ: ಸಿಟ್ಟು ಬಂದರೆ ಇಂಜಿನ್ ಆರಿಸಿ



ಪಶುವೈದ್ಯನಾದವನು ಟ್ರ್ಯಾಕ್ಟರ್ ಬಗ್ಗೆ ಏಕೆ ಬರೆಯುತ್ತಾನೆ ಎಂದು ನಿಮಗೆ ಅನ್ನಿಸಬಹುದು. ಅದಕ್ಕೆ ಕಾರಣವಿದೆ. ಒಮ್ಮೆ ಮಳೆಗಾಲಕ್ಕೆ ಮುಂಚೆ ಶೃಂಗೇರಿ ತಾಲ್ಲೂಕಿನ ಕಿಗ್ಗದ ಕಡೆಯ ಸದಸ್ಯರೊಬ್ಬರು ನನ್ನನ್ನು ಕರೆಸಿದರು. ಅವರ ಹಸುವಿನ ಹಿಂಗಾಲು ಬಾತಿತ್ತು. ವಿಚಾರಿಸಿದಾಗ ತಿಳಿಯಿತು: ಮಗ ಒಣಹುಲ್ಲು ತುಂಬಿದ ಟ್ರೇಲರನ್ನು ಕೊಟ್ಟಿಗೆಯ ಕಡೆಗೆ ಹಿಂದಕ್ಕೆ ಬಿಡುತ್ತಿದ್ದ. ನಾಲ್ಕು ಸಲ ತಪ್ಪಿತು. ಐದನೆಯ ಸಲ ಸಿಟ್ಟಿನಿಂದ ಜೋರಾಗಿ ಬಿಟ್ಟ. ಟ್ರೇಲರಿನ ಮೂಲೆ ಅಂಗಳದ ಅಂಚಿನಲ್ಲಿ ಕಟ್ಟಿದ್ದ ಹಸುವಿಗೆ ತಗುಲಿತು. ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ. ಆ ಜಾಗದಲ್ಲಿ ಮಗುವೊಂದು ನಿಂತಿದ್ದರೆ?

"ಅವನಿಗೆ ಬರೋದೇ ಇಲ್ಲ ಡಾಕ್ಟ್ರೇ, ಎಷ್ಟು ಬೈದರೂ ಅಷ್ಟೇ" ಎಂದರು ತಂದೆ. ಹುಡುಗ ತಲೆ ತಗ್ಗಿಸಿ ನಿಂತಿದ್ದ. ಅವನ ಬುದ್ಧಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಕಲಿಯುವಾಗ ಬರುವ ಸಿಟ್ಟನ್ನು ಏನು ಮಾಡಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೆ.

ನಮ್ಮ ಮಲೆನಾಡಿನಲ್ಲಿ ಹುಲ್ಲು ತರಲು, ಗೊಬ್ಬರ ಸಾಗಿಸಲು ಟ್ರೇಲರ್ ಬೇಕೇ ಬೇಕು. ಆದರೆ ಮನೆಯ ದಾರಿ ಕಿರಿದು. ಒಂದು ಪಕ್ಕ ಧರೆ, ಇನ್ನೊಂದು ಪಕ್ಕ ಅಡಿಕೆ ತೋಟದ ಇಳಿಜಾರು. ತಿರುಗಿಸಲು ಜಾಗವಿಲ್ಲದ ಕಾರಣ ಹಿಂದಕ್ಕೆ ಬಿಡಲು ಕಲಿಯದೆ ಗತಿಯಿಲ್ಲ.

ಇದು ಏಕೆ ಕಷ್ಟ?

ಟ್ರ್ಯಾಕ್ಟರಿಗೂ ಟ್ರೇಲರಿಗೂ ನಡುವೆ ಒಂದು ಕೊಂಡಿ ಇದೆ. ಮುಂದಕ್ಕೆ ಹೋಗುವಾಗ ಟ್ರ್ಯಾಕ್ಟರ್ ಎಳೆಯುತ್ತದೆ, ಟ್ರೇಲರ್ ಹಿಂಬಾಲಿಸುತ್ತದೆ. ಹಿಂದಕ್ಕೆ ಬಿಡುವಾಗ ಟ್ರ್ಯಾಕ್ಟರ್ ತಳ್ಳುತ್ತದೆ. ಟ್ರೇಲರ್ ಕೊಂಡಿಯ ಬಳಿ ಮಡಚಿಕೊಳ್ಳಲು ನೋಡುತ್ತದೆ. ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದರೆ ಟ್ರೇಲರಿನ ಹಿಂಬದಿ ಎಡಕ್ಕೆ ಹೋಗುತ್ತದೆ. ಎಡಕ್ಕೆ ತಿರುಗಿಸಿದರೆ ಬಲಕ್ಕೆ ಹೋಗುತ್ತದೆ.

ಹಿರಿಯರಿಗೆ ಇದು ಹೊಸತಲ್ಲ. ಎತ್ತು ಬಿಚ್ಚಿದ ಗಾಡಿಯ ಮೂಕಿ ಹಿಡಿದು ಹಿಂದಕ್ಕೆ ತಳ್ಳಿದವರಿಗೆ ಗೊತ್ತು: ಗಾಡಿಯ ಹಿಂಬದಿ ಎಡಕ್ಕೆ ಹೋಗಬೇಕಾದರೆ ಮೂಕಿಯನ್ನು ಬಲಕ್ಕೆ ಸರಿಸಬೇಕು. ಟ್ರೇಲರಿನದೂ ಅದೇ ಲೆಕ್ಕ.

ಆದರೆ ಕೈಗೆ ಹಳೆಯ ಅಭ್ಯಾಸವಿದೆ. ಟ್ರೇಲರ್ ಎಡಕ್ಕೆ ಸರಿದ ಕೂಡಲೇ ಕೈ ತಾನಾಗಿಯೇ ತಪ್ಪು ದಿಕ್ಕಿಗೆ ತಿರುಗಿಸುತ್ತದೆ. ತಪ್ಪು ಇನ್ನೂ ದೊಡ್ಡದಾಗುತ್ತದೆ. ತಲೆಗೆ ಅರ್ಥವಾದದ್ದು ಕೈಗೆ ಬಾರದೇ ಇರುವ ಈ ಅವಧಿಯಲ್ಲೇ ಸಿಟ್ಟು ಬರುವುದು. ಜೊತೆಗೆ ಮನೆಮಂದಿಯೆಲ್ಲಾ ನಿಂತು ಒಬ್ಬರು "ಬಲಕ್ಕೆ", ಇನ್ನೊಬ್ಬರು "ಎಡಕ್ಕೆ" ಎಂದು ಕೂಗಿದರೆ ಹೇಳುವುದೇ ಬೇಡ.

ನನ್ನ ಅನುಭವ

ಕೃತಕ ಗರ್ಭಧಾರಣೆ ಕಲಿಯುವ ದಿನಗಳಲ್ಲಿ ನಾನೂ ಈ ಕಷ್ಟ ಪಟ್ಟವನೇ. ಒಂದು ಕೈ ಹಸುವಿನ ಗುದದ್ವಾರದೊಳಗೆ, ಇನ್ನೊಂದು ಕೈಯಲ್ಲಿ ನಳಿಕೆ. ಕಣ್ಣಿಗೆ ಏನೂ ಕಾಣದು. ಗರ್ಭಕೊರಳನ್ನು ಬೆರಳಿನಿಂದಲೇ ಗುರುತಿಸಬೇಕು. ಪುಸ್ತಕದಲ್ಲಿ ಓದಿದ್ದೆಲ್ಲ ಬಾಯಿಪಾಠವಿತ್ತು, ಕೈಗೆ ಮಾತ್ರ ಸಿಗುತ್ತಿರಲಿಲ್ಲ. ಸಿಟ್ಟು ಬಂದಷ್ಟೂ ಕೈ ಬಿಗಿಯಾಗುತ್ತಿತ್ತು, ಬಿಗಿಯಾದಷ್ಟೂ ತಿಳಿಯುತ್ತಿರಲಿಲ್ಲ. ಆಗ ಕಲಿಸುವವರು "ಕೈ ಹೊರಗೆ ತೆಗೆಯಿರಿ, ಸ್ವಲ್ಪ ಸುಧಾರಿಸಿಕೊಳ್ಳಿ" ಎನ್ನುತ್ತಿದ್ದರು. ನನಗೆ ಅದು ಅವಮಾನವೆನಿಸುತ್ತಿತ್ತು. ಬಿಗಿದ ಕೈ ಏನನ್ನೂ ಕಲಿಯದು, ಹಸುವಿಗೂ ಗಾಯವಾಗುತ್ತದೆ ಎಂಬುದು ಆಮೇಲೆ ಅರ್ಥವಾಯಿತು. ಸ್ಟೇರಿಂಗ್ ಹಿಡಿದ ಕೈಗೂ ಇದೇ ಮಾತು.

ಸಿಟ್ಟಿನ ಗುರುತುಗಳು

ಸಿಟ್ಟು ಒಮ್ಮೆಗೇ ಸಿಡಿಯುವುದಿಲ್ಲ, ಮೊದಲು ಗುರುತು ಕೊಡುತ್ತದೆ. ಹಲ್ಲು ಕಚ್ಚುವುದು, ಸ್ಟೇರಿಂಗನ್ನು ಬಿಗಿಯಾಗಿ ಹಿಡಿಯುವುದು, ಗೇರನ್ನು ಕಿರುಗುಟ್ಟಿಸುವುದು, ಹಿಂದೆ ನೋಡದೆ ಕ್ಲಚ್ ಬಿಡುವುದು, ವೇಗ ಹೆಚ್ಚಿಸುವುದು. ಇವುಗಳಲ್ಲಿ ಯಾವುದೊಂದು ಕಂಡರೂ ಇಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಕೆಳಗಿಳಿಯಿರಿ. ಟ್ರೇಲರಿನ ಸುತ್ತ ಒಂದು ಸುತ್ತು ಬನ್ನಿ. ಹಿಂದೆ ನಿಂತು, ಚಕ್ರ ಎತ್ತ ಮುಖ ಮಾಡಿದೆ, ಎಷ್ಟು ಜಾಗವಿದೆ ಎಂದು ನೋಡಿ. ಒಂದು ಲೋಟ ನೀರು ಕುಡಿಯಿರಿ. ಕೆಳಗಿಳಿದು ನೋಡುವುದು ಸೋಲಲ್ಲ, ಅದೂ ಕಲಿಕೆಯೇ.

ಅಭ್ಯಾಸದ ಕ್ರಮ

1. ಸಮತಟ್ಟಾದ, ಒಣಗಿದ, ವಿಶಾಲವಾದ ಜಾಗ ಆರಿಸಿಕೊಳ್ಳಿ. ಕೊಯ್ಲಾದ ಗದ್ದೆ ಒಣಗಿದ್ದರೆ ಒಳ್ಳೆಯದು. ಇಳಿಜಾರಿನಲ್ಲಿ, ಮಳೆಗಾಲದ ಜಾರುವ ಅಂಗಳದಲ್ಲಿ ಕಲಿಯಬೇಡಿ.

2. ಎರಡು ಚಕ್ರದ ಖಾಲಿ ಟ್ರೇಲರಿನಿಂದ ಆರಂಭಿಸಿ. ನಾಲ್ಕು ಚಕ್ರದ ಟ್ರೇಲರಿನಲ್ಲಿ ತಿರುಗುವ ಜಾಗ ಎರಡಿರುವುದರಿಂದ ಅದು ಬಹಳ ಕಷ್ಟ. ಗಿಡ್ಡ ಟ್ರೇಲರ್ ಬೇಗ ಮಡಚಿಕೊಳ್ಳುತ್ತದೆ ಎಂಬುದೂ ನೆನಪಿರಲಿ.

3. ಎರಡೂ ಬ್ರೇಕ್ ಪೆಡಲುಗಳನ್ನು ಚಿಲಕದಿಂದ ಜೋಡಿಸಿ. ಅತಿ ನಿಧಾನದ ರಿವರ್ಸ್ ಗೇರಿನಲ್ಲಿ, ಕಡಿಮೆ ವೇಗದಲ್ಲಿ ಬಿಡಿ.

4. ಸ್ಟೇರಿಂಗಿನ ತಳಭಾಗವನ್ನು ಒಂದು ಕೈಯಲ್ಲಿ ಹಿಡಿಯಿರಿ. ಟ್ರೇಲರಿನ ಹಿಂಬದಿ ಯಾವ ಪಕ್ಕಕ್ಕೆ ಹೋಗಬೇಕೋ ಅದೇ ಪಕ್ಕಕ್ಕೆ ಕೈ ಸರಿಸಿ. ಎಡ ಬಲದ ಗೊಂದಲ ಬಹುಮಟ್ಟಿಗೆ ತಪ್ಪುತ್ತದೆ.

5. ಮೊದಲ ದಿನಗಳಲ್ಲಿ ನೇರವಾಗಿ 10 ಮೀಟರ್ ಹಿಂದಕ್ಕೆ ಬಿಡುವುದಷ್ಟೇ ಗುರಿ. ಟ್ರೇಲರ್ ಸ್ವಲ್ಪ ಸರಿದ ಕೂಡಲೇ ಸ್ವಲ್ಪವೇ ತಿದ್ದಿ. ಅದು ಕೈಗೆ ಕೂತ ಮೇಲೆ ತಿರುವು ಕಲಿಯಿರಿ: ಮೊದಲು ಟ್ರೇಲರನ್ನು ಬೇಕಾದ ಕಡೆಗೆ ಸ್ವಲ್ಪ ಬಾಗಿಸಿ, ನಂತರ ಸ್ಟೇರಿಂಗನ್ನು ಮರಳಿಸಿ ಟ್ರ್ಯಾಕ್ಟರ್ ಅದನ್ನು ಹಿಂಬಾಲಿಸುವಂತೆ ಮಾಡಿ.

6. ಟ್ರೇಲರ್ ಅತಿಯಾಗಿ ಬಾಗಿದರೆ ಹಿಂದಕ್ಕೆ ಬಿಟ್ಟು ಸರಿಮಾಡಲು ಹೋಗಬೇಡಿ. ನಿಲ್ಲಿಸಿ, ಮುಂದಕ್ಕೆ ಎಳೆದು ನೇರ ಮಾಡಿಕೊಂಡು ಮತ್ತೆ ಆರಂಭಿಸಿ. ಮಂಗಳೂರು ಬಂದರಿಗೆ ಹೋಗುವ ಉದ್ದನೆಯ ಟ್ರೇಲರ್ ಲಾರಿಗಳ ಪಳಗಿದ ಚಾಲಕರೂ ಹೀಗೆ ಮುಂದಕ್ಕೆ ಎಳೆದುಕೊಂಡೇ ಸರಿಪಡಿಸುತ್ತಾರೆ.

7. ದಿನಕ್ಕೆ 15ರಿಂದ 20 ನಿಮಿಷ ಸಾಕು. ಭಾನುವಾರ ಒಂದೇ ದಿನ ಮೂರು ಗಂಟೆ ಒದ್ದಾಡುವುದಕ್ಕಿಂತ ದಿನವೂ ಸ್ವಲ್ಪ ಸ್ವಲ್ಪ ಮಾಡುವುದು ಮೇಲು. ನಡುವಿನ ವಿಶ್ರಾಂತಿ ಮತ್ತು ನಿದ್ರೆಯಲ್ಲಿ ಕಲಿತದ್ದು ಗಟ್ಟಿಯಾಗುತ್ತದೆ. ಸತತ ಮೂರು ಸಲ ತಪ್ಪಿದರೆ ಅಂದಿನ ಪಾಠ ಮುಗಿಸಿ. ಏಳುವ ಮುನ್ನ ಸುಲಭವಾದದ್ದೊಂದನ್ನು ಸರಿಯಾಗಿ ಮಾಡಿ ಏಳಿ.

ಪಕ್ಕದಲ್ಲಿ ನಿಂತವರಿಗೆ

ಸೂಚನೆ ಕೊಡುವವರು ಒಬ್ಬರೇ ಇರಲಿ. "ಬಾ, ನಿಲ್ಲು, ಎಡ, ಬಲ" ಇವಕ್ಕೆ ಕೈಸನ್ನೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಟ್ರೇಲರಿಗೂ ಗೋಡೆಗೂ ನಡುವೆ ಯಾರೂ ನಿಲ್ಲಬಾರದು. ಸೂಚನೆ ಕೊಡುವವರು ಕಣ್ಣಿಗೆ ಮರೆಯಾದ ಕ್ಷಣವೇ ಚಾಲಕ ನಿಲ್ಲಿಸಬೇಕು. ಮಡ್‌ಗಾರ್ಡ್ ಮೇಲೆ, ಕೊಂಡಿಯ ಮೇಲೆ ಯಾರೂ ಕೂರಬಾರದು. ಮಕ್ಕಳು ಮನೆಯೊಳಗೆ ಇರಲಿ. ದನಕರುಗಳನ್ನು ಮೊದಲೇ ಬೇರೆ ಕಡೆ ಕಟ್ಟಿ.

ಕಲಿಯುವವನನ್ನು ಹತ್ತು ಜನರ ಮುಂದೆ ಬೈಯಬೇಡಿ. ಚೊಚ್ಚಲು ಕಡಸು ಕರು ಹಾಕಿ ಮೊದಲ ಸಲ ಕರೆಯುವಾಗ ಒದೆಯುತ್ತದೆ. ಆಗ ಹೊಡೆದವರ ಹಸು ಒದೆಯುವುದನ್ನೇ ಕಲಿಯುತ್ತದೆ. ಮೈದಡವಿ ಕಾದವರಿಗೆ ಹಾಲು ಕೊಡುತ್ತದೆ. ನಿಮಗೆ ಗೊತ್ತಿರುವ ಈ ತಾಳ್ಮೆಯನ್ನು ಮಕ್ಕಳಿಗೂ ತೋರಿಸಿ.

ಹಾಲು ಕರೆಯುವ ಹೊತ್ತಿನಲ್ಲಿ ಬೇಡ

ಕೆಚ್ಚಲನ್ನು ತೊಳೆದು ಒರೆಸಿದಾಗ ಹಸುವಿನ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ರಸದೂತ ಬಿಡುಗಡೆಯಾಗಿ ಹಾಲು ಇಳಿಯುತ್ತದೆ. ಇದರ ಪ್ರಭಾವ ಸಾಮಾನ್ಯವಾಗಿ 5ರಿಂದ 7 ನಿಮಿಷ. ಹಸು ಬೆದರಿದರೆ ಅಡ್ರಿನಾಲಿನ್ ಎಂಬ ಇನ್ನೊಂದು ರಸದೂತ ಅದನ್ನು ತಡೆಯುತ್ತದೆ. ಹಾಲು ಕೆಚ್ಚಲಲ್ಲೇ ಉಳಿಯುತ್ತದೆ. ಇದು ಪದೇ ಪದೇ ಆದರೆ ಇಳುವರಿ ಕಡಿಮೆಯಾಗುತ್ತದೆ, ಕೆಚ್ಚಲು ಬಾವಿಗೂ ದಾರಿಯಾಗುತ್ತದೆ. ಆದ್ದರಿಂದ ಕರೆಯುವ ಹೊತ್ತಿಗೆ ಕೊಟ್ಟಿಗೆಯ ಬಳಿ ಇಂಜಿನ್ ಶಬ್ದ, ಹಾರನ್, ಕೂಗಾಟ ಬೇಡ. ಟ್ರ್ಯಾಕ್ಟರಿನ ಮೇಲಿನ ಸಿಟ್ಟನ್ನು ಹೊತ್ತು ನೇರವಾಗಿ ಹಾಲು ಕರೆಯಲು ಕೂರುವುದೂ ಬೇಡ. ಬಿರುಸಾದ ಕೈ ಹಸುವಿಗೆ ಕೂಡಲೇ ಗೊತ್ತಾಗುತ್ತದೆ.

ಕಿಗ್ಗದ ಕಡೆಯ ಆ ಮನೆಗೆ ಕಾಲಿನ ಬಾವು ನೋಡಲು ಮತ್ತೆ ಹೋದಾಗ, ಅಡಿಕೆ ಒಣಗಿಸುವ ಅಂಗಳದಲ್ಲಿ ಹುಡುಗ ಖಾಲಿ ಟ್ರೇಲರನ್ನು ನೇರವಾಗಿ ಬಿಡುವ ಅಭ್ಯಾಸ ಮಾಡುತ್ತಿದ್ದ. ಎರಡು ಸಲ ತಪ್ಪಿತು. ಎರಡು ಸಲವೂ ಮುಂದಕ್ಕೆ ಎಳೆದುಕೊಂಡ. ತಂದೆ ಜಗಲಿಯಲ್ಲಿ ಕೂತು ಸುಮ್ಮನೆ ನೋಡುತ್ತಿದ್ದರು. ಮೂರನೆಯ ಸಲ ಟ್ರೇಲರ್ ನೇರವಾಗಿ ಹೋಯಿತು.

ನೆನಪಿಡಿ: ಹುಲ್ಲು ಇಳಿಸುವುದು ಅರ್ಧ ಗಂಟೆ ತಡವಾದರೆ ನಷ್ಟವಿಲ್ಲ. ಸಿಟ್ಟಿನಲ್ಲಿ ಬಿಟ್ಟ ಟ್ರೇಲರ್ ಮಾಡುವ ನಷ್ಟವನ್ನು ತುಂಬಿಕೊಡಲು ಯಾವ ಡಾಕ್ಟರಿಂದಲೂ ಆಗದು.