ಇನ್ನೊಂದು ಹಾಜರಿ ಪುಸ್ತಕ

ಮಡಿಕೇರಿಯ ಕಾಲೇಜೊಂದರಲ್ಲಿ ಇಪ್ಪತ್ತಾರು ವರ್ಷ ಇತಿಹಾಸವನ್ನು ಬೋಧಿಸಿದ ನಾನು, ಮಳೆಯ ದೆಸೆಯಿಂದ ತರಗತಿಗಳು ನಿಲ್ಲುವುದನ್ನು ಪ್ರತಿವರ್ಷವೂ ಕಂಡವನೇ. ಜಿಲ್ಲಾಧಿಕಾರಿಗಳು ರಜೆ ಘೋಷಿಸುವುದು, ನಾವು ಒಲೆಯ ಮುಂದೆ ಕುಳಿತು ಉತ್ತರಪತ್ರಿಕೆಗಳನ್ನು ತಿದ್ದುವುದು, ಹೊಳವಾದ ಮೇಲೆ ಬಿಟ್ಟ ಪುಟದಿಂದಲೇ ಮುಂದುವರಿಯುವುದು, ಇವೆಲ್ಲ ಆಷಾಢ ಶ್ರಾವಣಗಳ ವಾಡಿಕೆಯೆಂದೇ ಭಾವಿಸಿದ್ದೆನು. ವಿಪತ್ತಿಗೆ ಸಿದ್ಧನಾಗಿರತಕ್ಕವನು ಅಗ್ನಿಶಾಮಕ ದಳದವನು, ಅಧ್ಯಾಪಕನಿಗೆ ಅದರ ಗೊಡವೆ ಏತಕ್ಕೆ ಎಂಬ ನನ್ನ ನೆಮ್ಮದಿ ಕದಡಿದ್ದು 2018ರ ಆಗಸ್ಟಿನಲ್ಲಿ.

ಆ ತಿಂಗಳ ಮಧ್ಯಭಾಗದಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಜೋಡುಪಾಲಗಳ ಸುತ್ತಿನ ಬೆಟ್ಟಗಳು ಜಾರಿ, ಕಾಫಿ ತೋಟಗಳೂ ಮನೆಗಳೂ ಒಂದೇ ಕೆಸರಾಗಿ ಇಳಿದುವು. ಸಂಪಾಜೆಯ ಕಡೆಗಿನ ಹೆದ್ದಾರಿ ಅಲ್ಲಲ್ಲಿ ಕಡಿದುಹೋಗಿ ವಾರಗಟ್ಟಲೆ ಸಂಚಾರ ನಿಂತಿತು. ಕಾಲೇಜು ಮರಳಿ ತೆರೆದ ದಿನ ನಾನು, ಅಭ್ಯಾಸಬಲದಿಂದ, ಹಿಂದೆ ನಿಲ್ಲಿಸಿದ್ದ ಫ್ರಾನ್ಸಿನ ಮಹಾಕ್ರಾಂತಿಯನ್ನು ಬ್ಯಾಸ್ಟೀಲ್ ಸೆರೆಮನೆಯ ಪತನದಿಂದ ಎತ್ತಿಕೊಂಡೆನು. ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಕೈಕಟ್ಟಿ ಕುಳಿತಿದ್ದಳು. "ಪುಸ್ತಕ ಎಲ್ಲಮ್ಮಾ?" ಎಂದು ತುಸು ಗಡುಸಾಗಿಯೇ ಕೇಳಿದೆ. "ಬರೆ ಕುಸಿಯಿತಲ್ಲ ಸಾರ್, ಅದರಡಿ ಇದೆ" ಎಂದಳು. ಅವಳ ಸ್ವರದಲ್ಲಿ ದೂರೂ ಇರಲಿಲ್ಲ, ಅಳುವೂ ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದಳು, ಅಷ್ಟೆ. ಅವಳ ಮನೆ ಯಾವ ಊರಿನಲ್ಲಿದ್ದಿತೆಂಬುದೇ ನನಗೆ ತಿಳಿದಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳು ಒಂದು ಕ್ರಮಸಂಖ್ಯೆಯಾಗಿದ್ದಳು.

ಮರುವರ್ಷ ಜೂನಿನಲ್ಲಿ ನಾನು ಇನ್ನೊಂದು ಹಾಜರಿ ಪುಸ್ತಕವನ್ನು ಆರಂಭಿಸಿದೆ. ಇನ್ನೂರು ಪುಟದ ಗೀರುಪುಸ್ತಕ. ಪ್ರತಿ ವಿದ್ಯಾರ್ಥಿಗೂ ಅರ್ಧ ಪುಟ. ಯಾವ ಬಸ್ಸು, ಯಾವ ನಿಲ್ದಾಣ, ಅಲ್ಲಿಂದ ಎಷ್ಟು ದೂರ ನಡೆಯಬೇಕು, ದಾರಿಯಲ್ಲಿ ಯಾವ ಅಂಗಡಿಯವರು ಕಾಗದ ಇಟ್ಟುಕೊಂಡು ತಲುಪಿಸಿಯಾರು, ರೇಂಜ್ ಎಲ್ಲಿ ಸಿಗುವುದು ಎಂಬ ಪ್ರಶ್ನೆಗಳಿಗೆ ಅವರವರೇ ಸ್ವಹಸ್ತದಿಂದ ಉತ್ತರ ಬರೆದರು. "ಕಾಫಿ ಕಣದ ಮೂಲೆಯಲ್ಲಿ ನಿಂತರೆ ಒಂದು ಕಡ್ಡಿ, ಮಳೆ ಬಂದರೆ ಅದೂ ಇಲ್ಲ" ಎಂದು ಗಾಳಿಬೀಡಿನ ಕಡೆಯ ಹುಡುಗನೊಬ್ಬ ಬರೆದಿದ್ದ.

ಪುಸ್ತಕ ಸಿದ್ಧವಾದುದರಿಂದ ನಾನೂ ಸಿದ್ಧನಾದೆನೆಂಬ ಭ್ರಮೆಯನ್ನು ಜುಲೈ ತಿಂಗಳ ಒಂದು ಶನಿವಾರದ ತಾಲೀಮು ಕಳೆಯಿತು. ಇಂದು ಕಾಲೇಜು ಮುಚ್ಚಿದೆಯೆಂದು ಭಾವಿಸಿ, ಅರವತ್ತನಾಲ್ಕು ಮಂದಿಗೂ ದೂರವಾಣಿಯ ಮೂಲಕ ಒಂದೇ ಒಂದು ಪ್ರಶ್ನೆಯನ್ನು ತಲುಪಿಸಲು ನಾವು ಹೊರಟೆವು. ಸಾಯಂಕಾಲದ ವೇಳೆಗೆ ತಲುಪಿದ್ದು ಇಪ್ಪತ್ತಮೂವರಿಗೆ. ಕಾರಣ ಸರಳವಾಗಿದ್ದಿತು: ಅವರು ಬರೆದುಕೊಟ್ಟ ನಂಬರುಗಳಲ್ಲಿ ಅನೇಕವು ಅಪ್ಪನವು, ಅಪ್ಪನ ಫೋನು ಅಪ್ಪನ ಜೇಬಿನಲ್ಲಿ ತೋಟಕ್ಕೆ ಹೋಗಿದ್ದಿತು. ಫೋನು ಯಾರ ಕೈಯಲ್ಲಿ, ಎಷ್ಟು ಹೊತ್ತಿಗೆ ಎಂಬ ಅಂಕಣವೊಂದನ್ನು ಅಂದೇ ಸೇರಿಸಿದೆ. ಕೆಲವೇ ವಾರಗಳಲ್ಲಿ 2019ರ ಆಗಸ್ಟ್ ಮಳೆ ಹಿಡಿದು ಮತ್ತೆ ರಜೆ ಘೋಷಣೆಯಾದಾಗ ಈ ಅಂಕಣವೇ ನಮ್ಮ ಮಾನವನ್ನು ಕಾಯಿತು.

ಇದಕ್ಕಿಂತ ಕಷ್ಟವಾದ ಕೆಲಸವೆಂದರೆ ಪಾಠವನ್ನು ಹಸನುಮಾಡುವುದು. ವಿಷಯವನ್ನು ಬಲ್ಲೆನೆಂಬ ಅಹಂಕಾರವುಳ್ಳ ಅಧ್ಯಾಪಕನಿಗೆ ಅದರಲ್ಲಿ ಯಾವುದನ್ನು ಬಿಡಬಹುದೆಂದು ಕೇಳಿದರೆ ಎಂಥ ಸಂಕಟವಾಗುವುದೆಂಬುದು ಅನುಭವಿಸಿದವರಿಗೇ ಗೊತ್ತು. ಫ್ರಾನ್ಸಿನ ಮಹಾಕ್ರಾಂತಿಗೆ ನಾನು ಹನ್ನೆರಡು ತರಗತಿಗಳನ್ನು ಮೀಸಲಿಡುತ್ತಿದ್ದೆ. ಒಂದು ತಿಂಗಳು ಮನೆಯಲ್ಲೇ ಉಳಿಯಬೇಕಾದ ಹುಡುಗನಿಗೆ ಎರಡು ಹಾಳೆಗಳಲ್ಲಿ ಕೊಡಬೇಕಾಗಿ ಬಂದಾಗ, ಬೊಕ್ಕಸ ಬರಿದಾದ ದೊರೆ, ತೆರಿಗೆಯ ಭಾರವನ್ನು ಹೊರಲೊಪ್ಪದ ಮೇಲ್ವರ್ಗ, ರೊಟ್ಟಿಯ ಬೆಲೆ ಏರಿ ಕಂಗೆಟ್ಟ ಜನ, 1614ರ ತರುವಾಯ ಕರೆಯದೆ ಬಿಟ್ಟಿದ್ದ ಮಹಾಸಭೆಯನ್ನು 1789ರಲ್ಲಿ ಕರೆಯಲೇಬೇಕಾದ ಅನಿವಾರ್ಯ, ಈ ಸರಪಳಿಯೊಂದಿದ್ದರೆ ಮುಂದಿನ ಅಧ್ಯಾಯ ಅರ್ಥವಾಗುವುದೆಂದೂ, ಪಕ್ಷಗಳ ಹೆಸರುಗಳೂ ಮುಖಂಡರ ಜಗಳಗಳೂ ಕಾಯಬಲ್ಲವೆಂದೂ ತಿಳಿಯಿತು. ನಿಜ ಹೇಳುವುದಾದರೆ, ಆ ಎರಡು ಹಾಳೆಗಳು ನನ್ನ ಹನ್ನೆರಡು ಉಪನ್ಯಾಸಗಳಿಗಿಂತ ಚೆನ್ನಾಗಿದ್ದುವು. ರಸಾಯನಶಾಸ್ತ್ರದ ನನ್ನ ಮಿತ್ರರು ಮಾತ್ರ ತಲೆಯಾಡಿಸಿ, "ಪಿಪೆಟ್ಟು ಹಿಡಿಯುವುದನ್ನು ಕಾಗದದ ಮೇಲೆ ಹೇಗಯ್ಯಾ ಕಲಿಸಲಿ?" ಎಂದರು. ಪ್ರಯೋಗಗಳನ್ನು ಮುಂದೂಡಿ, ಹಳೆಯ ಪ್ರಯೋಗಗಳ ಅಂಕಿಗಳನ್ನು ಕೊಟ್ಟು ಲೆಕ್ಕ ಮಾಡಿಸಿದ ಅವರ ಪ್ರಾಮಾಣಿಕತೆ ನನಗೆ ಹಿಡಿಸಿತು.

ಇಷ್ಟೆಲ್ಲ ಕಲಿತವನು 2020ರಲ್ಲಿ ಎಲ್ಲವನ್ನೂ ಮರೆತೆನೆಂಬುದನ್ನು ಮುಚ್ಚಿಡಲಾರೆ. ಕೊರೋನಾದ ದೆಸೆಯಿಂದ ಮಾರ್ಚ್ 14ರಿಂದ ಒಂದು ವಾರವೆಂದು ಮುಚ್ಚಿದ ಕಾಲೇಜುಗಳು ಹಾಗೆಯೇ ಉಳಿದು, ಪದವಿ ತರಗತಿಗಳು ಮತ್ತೆ ನಡೆದದ್ದು ನವೆಂಬರ್ 17ಕ್ಕೆ. ನಡುವೆ ನಮಗೊಂದು ದಿನದ ತರಬೇತಿಯಾಯಿತು. ಪರದೆಯನ್ನು ಹಂಚಿಕೊಳ್ಳುವುದು ಹೇಗೆ, ಧ್ವನಿಯನ್ನು ಮುಚ್ಚುವುದು ಹೇಗೆ ಎಂಬುದನ್ನೆಲ್ಲ ಹೇಳಿಕೊಟ್ಟರು. ಆಚೆಯ ತುದಿಯಲ್ಲಿ ಕೇಳುವವನು ಎಲ್ಲಿ ನಿಂತಿರುವನೆಂಬ ಪ್ರಶ್ನೆಯನ್ನು ಅವರೂ ಎತ್ತಲಿಲ್ಲ. ಉತ್ತರವನ್ನು ಪುಸ್ತಕದಲ್ಲಿ ಬರೆಸಿಟ್ಟುಕೊಂಡಿದ್ದ ನಾನೂ ಎತ್ತಲಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಐವತ್ತೈದು ನಿಮಿಷ ಧಾರಾಕಾರವಾಗಿ ಮಾತನಾಡಿ ಕಣ್ಣೆತ್ತಿದರೆ, ಇದ್ದವರು ಹನ್ನೊಂದು ಮಂದಿ. ಮರುದಿನ ಹುಡುಗನೊಬ್ಬ ಸಂಕೋಚದಿಂದ, "ಸಾರ್, ದಿನಕ್ಕೆ ಒಂದೂವರೆ ಜಿಬಿ. ನನಗೂ ತಂಗಿಗೂ ಅದೇ. ನಿಮ್ಮ ಕ್ಲಾಸ್ ಆದ ಮೇಲೆ ಅವಳಿಗೆ ಏನೂ ಉಳಿಯೋದಿಲ್ಲ" ಎಂದನು.

ಅಂದು ಸಂಜೆ ಗೀರುಪುಸ್ತಕವನ್ನು ಕಪಾಟಿನಿಂದ ತೆಗೆದೆ. ವಿಡಿಯೋ ಬಿಟ್ಟು, ಹತ್ತು ನಿಮಿಷದ ಮಾತನ್ನು ವಾಟ್ಸ್ಆ್ಯಪ್‌ನಲ್ಲಿ ಧ್ವನಿಸಂದೇಶವಾಗಿ ಕಳುಹಿಸಿದರೆ ತಗಲುವುದು ಒಂದೆರಡು ಎಂಬಿ. ರೇಂಜ್ ಬಂದ ಹೊತ್ತಿಗೆ ಇಳಿಸಿಕೊಂಡು ದನ ಕಟ್ಟುತ್ತಲೂ ಕೇಳಬಹುದು. ಫೋನೇ ಇಲ್ಲದ ಒಂಬತ್ತು ಮಂದಿಗೆ ಜೆರಾಕ್ಸ್ ಹಾಳೆಗಳ ಲಕೋಟೆ ಮಾಡಿ ನ್ಯಾಯಬೆಲೆ ಅಂಗಡಿಗಳಲ್ಲಿ ಇಡಿಸಿದೆವು, ಏಕೆಂದರೆ ಬಸ್ಸು ನಿಂತರೂ ತಿಂಗಳಿಗೊಮ್ಮೆ ಅಕ್ಕಿಗಾಗಿ ಮನೆಯವರಾರಾದರೂ ಅಲ್ಲಿಗೆ ಬಂದೇ ಬರುವರು. ಬರೆದ ಉತ್ತರಗಳೂ ಅಲ್ಲಿಗೇ ಬಂದು ಸೇರಿದುವು. ಒಂದರ ಅಂಚಿನಲ್ಲಿ ಸೀಮೆಎಣ್ಣೆಯ ಕಲೆಯಿದ್ದಿತು.

ಒಂದು ಮಾತನ್ನು ಇಲ್ಲಿ ಹೇಳದಿದ್ದರೆ ತಪ್ಪಾಗುವುದು. ತುರ್ತು ಸಿದ್ಧತೆಯ ಸಭೆಗಳಿಗೆ ಖಾಯಂ ಅಧ್ಯಾಪಕರನ್ನಷ್ಟೇ ಕರೆಯುವ ಪದ್ಧತಿಯನ್ನು ನಾನು ಕಂಡಿದ್ದೇನೆ. ಹೆಚ್ಚಿನ ತರಗತಿಗಳನ್ನು ತೆಗೆದುಕೊಳ್ಳುವ ಅತಿಥಿ ಉಪನ್ಯಾಸಕರು ಹೊರಗೆ ಕಾರಿಡಾರಿನಲ್ಲಿ ನಿಂತಿರುತ್ತಾರೆ. ನಮ್ಮಲ್ಲಿ ಒಬ್ಬರು ದಾರಿಯಲ್ಲಿ ಸಿಕ್ಕಿಬಿದ್ದರೆ ಇನ್ನೊಬ್ಬರು ಪಾಠವನ್ನು ಹಿಡಿಯಲೆಂದು ಅಧ್ಯಾಪಕರ ಜೋಡಿಗಳನ್ನು ಮಾಡಿದಾಗ ಪ್ರತಿ ಜೋಡಿಯಲ್ಲಿಯೂ ಒಬ್ಬ ಅತಿಥಿ ಉಪನ್ಯಾಸಕರಿರಬೇಕೆಂದು ನಾನು ಹಟ ಹಿಡಿದೆ, ಕೊಂಚ ನಿಷ್ಠುರವನ್ನೂ ಕಟ್ಟಿಕೊಂಡೆ.

ನಿವೃತ್ತನಾಗುವಾಗ ಪುಸ್ತಕವನ್ನು ಕಿರಿಯ ಸಹೋದ್ಯೋಗಿ ಒಬ್ಬಾಕೆಗೆ ಒಪ್ಪಿಸಿದೆನು. ಕಳೆದ ಜೂನಿನಲ್ಲಿ ಕಾಲೇಜಿಗೆ ಹೋಗಿದ್ದಾಗ ಆಕೆ ಹೊಸ ಪ್ರತಿಯನ್ನು ತೆರೆದು ತೋರಿಸಿದರು. ನನಗೆ ಹೊಳೆಯದೆ ಹೋಗಿದ್ದ ಅಂಕಣವೊಂದು ಅದರಲ್ಲಿದ್ದಿತು: ಮೂರು ದಿನ ಕರೆಂಟ್ ಹೋದರೆ ಫೋನಿಗೆ ಚಾರ್ಜ್ ಎಲ್ಲಿ? ಕೆಳಗೆ ಒಬ್ಬ ಹುಡುಗಿಯ ದುಂಡಕ್ಷರ: "ಐನ್‌ಮನೆಯ ಅಜ್ಜನ ಜೀಪಿನಲ್ಲಿ. ಅವರು ಬೈಯುತ್ತಾರೆ, ಆದರೆ ಹಾಕಲು ಬಿಡುತ್ತಾರೆ."