ಇಂಗ್ಲಿಷ್ ವಾಕ್ಯ ಬಿಡಿಸಲು ಮೊದಲು ಕ್ರಿಯಾಪದ ಹಿಡಿಯಿರಿ

‘ಅವಳು ದೇವಸ್ಥಾನದ ಹತ್ತಿರ ಹೂವು ಮಾರುತ್ತಾಳೆ.’ ಕನ್ನಡದಲ್ಲಿ ಕ್ರಿಯಾಪದದ ಜಾಗ ಸಾಮಾನ್ಯವಾಗಿ ವಾಕ್ಯದ ಕೊನೆ. ಇದನ್ನೇ ಇಂಗ್ಲಿಷಿನಲ್ಲಿ ‘ಶಿ ಸೆಲ್ಸ್ ಫ್ಲವರ್ಸ್ ನಿಯರ್ ದ ಟೆಂಪಲ್’ ಎಂದಾಗ ಕ್ರಿಯಾಪದ ಎರಡನೇ ಪದವಾಗಿಬಿಡುತ್ತದೆ. ಇನ್ನೊಂದು ತೊಡಕೂ ಇದೆ. ‘ಅವರು ಡಾಕ್ಟರ್’ ಎಂದು ಕ್ರಿಯಾಪದವೇ ಇಲ್ಲದೆ ನಾವು ಮಾತು ಮುಗಿಸುತ್ತೇವೆ. ಇಂಗ್ಲಿಷಿನಲ್ಲಿ ‘ಹೀ ಈಸ್ ಎ ಡಾಕ್ಟರ್’ ಎನ್ನಲೇಬೇಕು. ಆ ‘ಈಸ್’ ಕೂಡ ಕ್ರಿಯಾಪದ. ‘ಕೆಲಸವನ್ನು ತಿಳಿಸುವ ಪದವೇ ಕ್ರಿಯಾಪದ’ ಎಂದು ಬಾಯಿಪಾಠ ಮಾಡಿದವರ ಕಣ್ಣಿಗೆ ಇದು ಬೀಳುವುದೇ ಇಲ್ಲ.

ಶಾಲಾ ವ್ಯಾಕರಣದ ಪ್ರಕಾರ ಇಂಗ್ಲಿಷಿನಲ್ಲಿ 8 ಬಗೆಯ ಪದಗಳು: ನೌನ್, ಪ್ರೊನೌನ್, ವರ್ಬ್, ಅಡ್ಜೆಕ್ಟಿವ್, ಅಡ್ವರ್ಬ್, ಪ್ರಿಪೊಸಿಷನ್, ಕಂಜಂಕ್ಷನ್, ಇಂಟರ್‌ಜೆಕ್ಷನ್. ಎಲ್ಲವನ್ನೂ ಒಟ್ಟಿಗೆ ಹುಡುಕಬೇಡಿ. ವರ್ಬ್, ಅಂದರೆ ಕ್ರಿಯಾಪದ, ಸಿಕ್ಕಿದರೆ ಉಳಿದವು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ.

ಹಂತ 1: ಕಾಲ ಬದಲಿಸಿ ನೋಡಿ

ವಾಕ್ಯಕ್ಕೆ ‘ಯೆಸ್ಟರ್‌ಡೇ’ ಸೇರಿಸಿ. ‘ಸೆಲ್ಸ್’ ಹೋಗಿ ‘ಸೋಲ್ಡ್’ ಆಗುತ್ತದೆ. ‘ಫ್ಲವರ್ಸ್’ ಹಾಗೇ ಉಳಿಯುತ್ತದೆ. ಎರಡರ ಕೊನೆಯಲ್ಲೂ ‘ಎಸ್’ ಇದ್ದರೂ ಬದಲಾದದ್ದು ವರ್ಬ್ ಮಾತ್ರ. ‘ಕಟ್’, ‘ಪುಟ್’ ಥರದ ಪದಗಳು ಭೂತಕಾಲದಲ್ಲೂ ಬದಲಾಗುವುದಿಲ್ಲ. ಅಲ್ಲಿ ಕರ್ತೃವನ್ನು ಬದಲಿಸಿ: ‘ದೇ ಕಟ್’ ಎಂಬುದು ‘ಶಿ ಕಟ್ಸ್’ ಆಗುತ್ತದೆ.

ಈಗ ‘ಶಿ ವಾಂಟ್ಸ್ ಟು ಲರ್ನ್ ಡ್ರೈವಿಂಗ್’ ನೋಡಿ. ಬಯಸುವುದು, ಕಲಿಯುವುದು, ಓಡಿಸುವುದು ಎಂದು ಮೂರು ಕ್ರಿಯೆ ಕಾಣುತ್ತವೆ. ಕಾಲ ಬದಲಿಸಿದರೆ ‘ವಾಂಟೆಡ್’ ಆಗುವುದು ಒಂದೇ. ಅದೇ ಈ ವಾಕ್ಯದ ಮುಖ್ಯ ವರ್ಬ್. ‘ಟು’ ನಂತರ ಬಂದ ‘ಲರ್ನ್’ ಆಗಲಿ, ‘ಇಂಗ್’ ಹತ್ತಿದ ‘ಡ್ರೈವಿಂಗ್’ ಆಗಲಿ ಒಂಟಿಯಾಗಿ ವಾಕ್ಯ ನಡೆಸಲಾರವು.

ಹಂತ 2: ಸಹಾಯಕ ವರ್ಬ್ ಬಿಡಬೇಡಿ

‘ದ ಬಸ್ ಹ್ಯಾಸ್ ಲೆಫ್ಟ್’ ಎಂಬಲ್ಲಿ ‘ಹ್ಯಾಸ್ ಲೆಫ್ಟ್’ ಎರಡೂ ಸೇರಿ ಒಂದು ಕ್ರಿಯೆ. ಅನುಮಾನವಿದ್ದರೆ ಪ್ರಶ್ನೆ ಮಾಡಿ: ‘ಹ್ಯಾಸ್ ದ ಬಸ್ ಲೆಫ್ಟ್?’ ಎರಡರಲ್ಲಿ ಹೀಗೆ ಮುಂದಕ್ಕೆ ಜಿಗಿಯುವ ಪದವೇ ಸಹಾಯಕ. ಕ್ಯಾನ್, ಕುಡ್, ವಿಲ್, ವುಡ್, ಶಾಲ್, ಶುಡ್, ಮೇ, ಮೈಟ್, ಮಸ್ಟ್ ಈ 9 ಸಹಾಯಕ ಪದಗಳನ್ನೂ ನೆನಪಿನಲ್ಲಿಡಿ. ಇವುಗಳ ಜೊತೆಗೆ ಬರುವ ವರ್ಬಿಗೆ ‘ಎಸ್’ ಆಗಲಿ ‘ಇಡಿ’ ಆಗಲಿ ಹತ್ತುವುದಿಲ್ಲ.

ಹಂತ 3: ವರ್ಬಿಗೆ ಪ್ರಶ್ನೆ ಕೇಳಿ

ಹೂವಿನ ವಾಕ್ಯಕ್ಕೆ ಮರಳೋಣ. ಯಾರು ಮಾರುತ್ತಾರೆ? ‘ಶಿ’: ಹೆಸರಿನ ಬದಲಿಗೆ ಬಂದದ್ದರಿಂದ ಪ್ರೊನೌನ್. ಏನನ್ನು? ‘ಫ್ಲವರ್ಸ್’: ನೌನ್. ‘ಎ’, ‘ಆ್ಯನ್’, ‘ದ’ ಎಂಬ ಆರ್ಟಿಕಲ್‌ಗಳು ಕಂಡರೆ ಮುಂದೆ ಎಲ್ಲೋ ನೌನ್ ಇದೆ ಎಂದೇ ಲೆಕ್ಕ.

ಹಂತ 4: ಯಾವುದನ್ನು ವರ್ಣಿಸುತ್ತದೆ?

ನೌನನ್ನು ವರ್ಣಿಸಿದರೆ ಅಡ್ಜೆಕ್ಟಿವ್; ಕ್ರಿಯೆ ಹೇಗೆ, ಯಾವಾಗ, ಎಲ್ಲಿ ಎಂದು ತಿಳಿಸಿದರೆ ಅಡ್ವರ್ಬ್. ‘ಹಾರ್ಡ್ ವರ್ಕ್’ ಎಂಬಲ್ಲಿ ‘ಹಾರ್ಡ್’ ಅಡ್ಜೆಕ್ಟಿವ್, ‘ಹೀ ವರ್ಕ್ಸ್ ಹಾರ್ಡ್’ ಎಂಬಲ್ಲಿ ಅದೇ ಪದ ಅಡ್ವರ್ಬ್. ‘ವರ್ಕ್’ ಕೂಡ ಮೊದಲ ಕಡೆ ನೌನ್, ಎರಡನೇ ಕಡೆ ವರ್ಬ್. ಆದ್ದರಿಂದ ಪದವನ್ನು ಬಿಡಿಯಾಗಿ ನೋಡಿ ‘ಇದು ಇಂಥದ್ದು’ ಎಂದು ತೀರ್ಮಾನಿಸಬೇಡಿ. ಆ ವಾಕ್ಯದಲ್ಲಿ ಅದು ಮಾಡುವ ಕೆಲಸ ನೋಡಿ. ‘ಲಿ’ಯಿಂದ ಕೊನೆಯಾದದ್ದೆಲ್ಲ ಅಡ್ವರ್ಬ್ ಎಂಬ ನಂಬಿಕೆಯೂ ಬೇಡ. ‘ಫ್ರೆಂಡ್ಲಿ’, ‘ಲವ್ಲಿ’ ಅಡ್ಜೆಕ್ಟಿವ್‌ಗಳು.

ಹಂತ 5: ಉಳಿದ ಸಣ್ಣ ಪದಗಳು

ನಾವು ‘ಬಸ್ಸಿನಲ್ಲಿ’, ‘ಊರಿನಿಂದ’ ಎಂದು ಪದದ ಕೊನೆಗೆ ಪ್ರತ್ಯಯ ಹಚ್ಚುತ್ತೇವೆ. ಇಂಗ್ಲಿಷಿನಲ್ಲಿ ಆ ಕೆಲಸಕ್ಕೆ ‘ಇನ್’, ‘ಫ್ರಮ್’ ಎಂಬ ಬಿಡಿಪದಗಳು ನೌನಿನ ಮುಂಚೆಯೇ ಬರುತ್ತವೆ, ಇವೇ ಪ್ರಿಪೊಸಿಷನ್. ‘ಆ್ಯಂಡ್’, ‘ಬಟ್’, ‘ಬಿಕಾಸ್’ ಹೀಗೆ ಜೋಡಿಸುವವು ಕಂಜಂಕ್ಷನ್. ‘ಓಹ್’, ‘ಅಲಾಸ್’ ಎಂಬ ಉದ್ಗಾರಗಳು ಇಂಟರ್‌ಜೆಕ್ಷನ್.

ಅಭ್ಯಾಸ ಹೀಗಿರಲಿ

ದಿನಕ್ಕೆ ಇಂಗ್ಲಿಷ್ ಪತ್ರಿಕೆಯ ಒಂದು ಸುದ್ದಿ ಆರಿಸಿಕೊಂಡು ವರ್ಬ್‌ಗಳಿಗೆ ಮಾತ್ರ ಅಡಿಗೆರೆ ಹಾಕಿ. ಶೀರ್ಷಿಕೆ ಬೇಡ, ಅಲ್ಲಿ ಜಾಗ ಉಳಿಸಲು ‘ಈಸ್’, ‘ಆರ್’, ‘ವರ್’ಗಳನ್ನು ಬಿಟ್ಟುಬಿಡುತ್ತಾರೆ. ವರ್ಬ್ ಕೈಗೆ ಹತ್ತಿದ ಮೇಲೆ ನೌನ್, ಆಮೇಲೆ ಉಳಿದವು. ಉತ್ತರ ಸರಿಯೇ ಎಂದು ನಿಘಂಟಿನಲ್ಲಿ ತಾಳೆ ನೋಡಿ. ಅಲ್ಲಿ ಪದದ ಪಕ್ಕದಲ್ಲೇ ಅದರ ಬಗೆ ಅಚ್ಚಾಗಿರುತ್ತದೆ. ಒಂದೇ ಪದಕ್ಕೆ ಎರಡು ಬಗೆ ಕೊಟ್ಟಿದ್ದರೆ ಎರಡರ ಉದಾಹರಣೆಯನ್ನೂ ಓದಿ.

ಈಗಲೇ ಒಂದು: ‘ದೇ ವಾಟರ್ ದ ಯಂಗ್ ಪ್ಲಾಂಟ್ಸ್ ಡೈಲಿ.’

ಉತ್ತರ: ದೇ – ಪ್ರೊನೌನ್, ವಾಟರ್ – ವರ್ಬ್ (ನಿನ್ನೆಯಾದರೆ ‘ವಾಟರ್ಡ್’), ದ – ಆರ್ಟಿಕಲ್, ಶಾಲಾ ವ್ಯಾಕರಣದಲ್ಲಿ ಅಡ್ಜೆಕ್ಟಿವ್ ಗುಂಪಿಗೇ ಸೇರುತ್ತದೆ, ಯಂಗ್ – ಅಡ್ಜೆಕ್ಟಿವ್, ಪ್ಲಾಂಟ್ಸ್ – ನೌನ್, ಡೈಲಿ – ಅಡ್ವರ್ಬ್.