ಟೇಪು ಕಿತ್ತು ಹಾಕು, ಆಮೇಲೆ ಮಾತಾಡೋಣ

ಚಿರಂಜೀವಿ ಅಳಿಯನಿಗೆ ಕದರಮಂಡಲಗಿಯಿಂದ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಕಳೆದ ಶನಿವಾರ ಕಾಂತೇಶನ ಗುಡಿಯ ಹತ್ತಿರ ನಿನ್ನ ಕಾರಿನಲ್ಲಿ ಕೂತಾಗ ಮೊದಲು ಕಣ್ಣಿಗೆ ಬಿದ್ದದ್ದು ಮೀಟರ್ ಬೋರ್ಡಿಗೆ ಅಂಟಿಸಿದ್ದ ಕರಿ ಟೇಪು. ಬಿಸಿಲಿಗೆ ಅದರ ಅಂಚು ಸುರುಳಿ ಎದ್ದಿತ್ತು. ಸಂದಿಯಿಂದ ಹಳದಿ ಬೆಳಕು ಇಣುಕುತ್ತಿತ್ತು. ಏನಿದು ಅಂತ ಕೇಳಿದರೆ, "ಅದು ಬರತೈತಿ ಹೊಕ್ಕೈತಿ ಮಾವಾ, ಸ್ಕ್ಯಾನರ್ ಹಚ್ಚಿ ಡಿಲೀಟ್ ಮಾಡಸ್ತೀನಿ, ಮತ್ತ ಬರತೈತಿ" ಅಂದೆ. ಹಿಂದಿನ ಸೀಟಿನಲ್ಲಿ ಅಕ್ಕ, ಅವಳ ತೊಡೆಯ ಮೇಲೆ ನಿನ್ನ ಮಗಳು. ಇಲ್ಲಿಂದ ಸಾತೇನಹಳ್ಳಿಯ ಶಾಂತೇಶ, ಅಲ್ಲಿಂದ ಶಿಕಾರಿಪುರದ ಭ್ರಾಂತೇಶ, ಮೂವರು ಹನುಮಂತರನ್ನೂ ಒಂದೇ ದಿನ ನೋಡುವ ಹರಕೆ ಅವಳದು. ಅವರೆದುರು ನಿನ್ನನ್ನು ಬೈಯುವುದು ಬೇಡವೆಂದು ಸುಮ್ಮನಾದೆ. ಮನಸ್ಸು ಸುಮ್ಮನಾಗಲಿಲ್ಲ, ಅದಕ್ಕೇ ಈ ಕಾಗದ.

ಕಾರು ಮಾರಲೋ, ಇಟ್ಟುಕೊಂಡು ರಿಪೇರಿ ಮಾಡಿಸಲೋ ಅಂತ ಕೇಳಿದ್ದೀ. ಎರಡನ್ನೂ ತೂಗಿಯೇ ಹೇಳುತ್ತೇನೆ. ಮೊದಲು ಆ ಟೇಪು ಕಿತ್ತು ಹಾಕು.

ನಾನು ಪಾನಾ ಹಿಡಿದದ್ದು ರಾಣೇಬೆನ್ನೂರಿನ ಪಿ.ಬಿ. ರೋಡಿನ ಒಂದು ಗ್ಯಾರೇಜಿನಲ್ಲಿ, ಮೀಸೆ ಮೂಡುವ ಮೊದಲೇ. ಬ್ಯಾಡಗಿ ಪೇಟೆಯಿಂದ ಮೆಣಸಿನಕಾಯಿ ಚೀಲ ಹೇರಿಕೊಂಡ ಲಾರಿಗಳು ಬಂದು ನಿಲ್ಲುತ್ತಿದ್ದವು. ಅವುಗಳ ಕೆಳಗೆ ಮಲಗಿದರೆ ಡೀಸೆಲ್ ವಾಸನೆಗಿಂತ ಮೊದಲು ಘಾಟು ಮೂಗಿಗೆ ಏರುತ್ತಿತ್ತು. ನಮ್ಮ ಉಸ್ತಾದರಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಪ್ಲಗ್ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡರೆ ಎಂಜಿನ್ನಿನ ಸಂಗತಿಯೆಲ್ಲ ಹೇಳಿಬಿಡುತ್ತಿದ್ದರು. ತುದಿ ಬಿಸ್ಕೀಟ್ ಬಣ್ಣದ್ದಾದರೆ ಉರಿ ಸರಿ ಇದೆ. ಕರಿ ಮಸಿ ಹಿಡಿದಿದ್ದರೆ ಪೆಟ್ರೋಲು ಜಾಸ್ತಿ. ಬೆಳ್ಳಗೆ ಸುಟ್ಟಿದ್ದರೆ ಪೆಟ್ರೋಲು ಕಡಿಮೆ, ಕಾವು ಜಾಸ್ತಿ. ಎಣ್ಣೆ ಜಿಡ್ಡು ಕೂತಿದ್ದರೆ ಪಿಸ್ಟನ್ ರಿಂಗು ಸವೆದಿದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಾನಿಸಿ, ಯಾವ ಟ್ಯಾಪೆಟ್ ಸದ್ದು ಮಾಡುತ್ತಿದೆ ಅಂತ ಗುರುತಿಸುತ್ತಿದ್ದರು. ಅಂಬಾಸಿಡರಿನ ಪಾಯಿಂಟಿಗೆ ಹದಿನೈದು ಥೌ ಗ್ಯಾಪ್ ಇಡಬೇಕೆಂದು ನನಗೆ ಕಲಿಸಿದ್ದೂ ಅವರೇ, ಅದು ತಪ್ಪಿದರೆ ಬೆರಳಿನ ಗೆಣ್ಣಿಗೆ ಪಾನಾದಿಂದ ತಟ್ಟುತ್ತಿದ್ದವರೂ ಅವರೇ.

ಆ ಕಾಲದಲ್ಲಿ ಒಂದು ಅಂಬಾಸಿಡರ್ ಟ್ಯಾಕ್ಸಿ ಬಂತು. ಆಯಿಲ್ ದೀಪ ಆಗಾಗ ಹತ್ತುತ್ತಿತ್ತು. ಸಂಪು ಬಿಚ್ಚಿ ಪಂಪು, ಬೇರಿಂಗು ನೋಡಬೇಕು, ಗಾಡಿ ಬಿಟ್ಟು ಹೋಗಿ ಅಂದರು ಉಸ್ತಾದರು. ಮದುವೆಯ ಸೀಜನ್ನು, ಬಾಡಿಗೆ ಕೈತುಂಬ, ಮಾಲೀಕ ಒಪ್ಪಲಿಲ್ಲ. "ಪ್ಯಾಸೆಂಜರ್ ಅಂಜತಾರ, ಆ ಬಲ್ಬು ಕಿತ್ತು ಒಗೀರಿ" ಅಂದ. ಉಸ್ತಾದರು ಕೈ ಒರೆಸಿಕೊಂಡು, "ದೀಪ ನೆಟ್ಟಗೈತಿ ಸಾಹೇಬ್ರ, ಅದನ್ನ ನಾ ಮುಟ್ಟಂಗಿಲ್ಲ" ಅಂದರು. ಆತ ಬೇರೆ ಕಡೆ ಕಿತ್ತಿಸಿಕೊಂಡ.

ಸ್ವಲ್ಪ ದಿನದಲ್ಲೇ ಅದೇ ಗಾಡಿಯನ್ನು ಹರಿಹರದ ಕಡೆಯಿಂದ ಹಗ್ಗ ಕಟ್ಟಿ ಎಳೆದು ತಂದರು. ಎಂಜಿನ್ ಬಿಗಿದುಕೊಂಡಿತ್ತು. ಬಿಚ್ಚುವಾಗ ನಾನೇ ಕೈಹಾಕಿದ್ದೆ. ಬೇರಿಂಗಿನ ಬೂದುಬಣ್ಣದ ಪದರವೆಲ್ಲ ಉಜ್ಜಿ ಹೋಗಿ ಕೆಳಗಿನ ತಾಮ್ರ ಕಾಣುತ್ತಿತ್ತು. ಸಂಪಿನ ತಳದಲ್ಲಿ ಕೂತಿದ್ದ ಎಣ್ಣೆಯನ್ನು ಬೆರಳಿಗೆ ತೆಗೆದುಕೊಂಡು ಬಿಸಿಲಿಗೆ ಹಿಡಿದರೆ ಲೋಹದ ಪುಡಿ ಮಿರಮಿರ ಮಿಂಚುತ್ತಿತ್ತು. ಕ್ರ್ಯಾಂಕಿನ ಮೇಲೆ ಉಗುರು ಸಿಕ್ಕುವಷ್ಟು ಗೀರು. ಮಾಲೀಕ ಆ ಇಡೀ ಖರ್ಚನ್ನು ಡ್ರೈವರನ ಮೇಲೆ ಹೊರಿಸಿದ. ದೀಪವೇ ಇಲ್ಲದ ಗಾಡಿಯಲ್ಲಿ ಆ ಮನುಷ್ಯ ಏನು ನೋಡಿ ನಿಲ್ಲಿಸಬೇಕಿತ್ತು? ಗ್ಯಾರೇಜಿನ ಬಾಗಿಲಲ್ಲಿ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ನಿಂತಿದ್ದ ಅವನನ್ನು ನಾನು ಮರೆತಿಲ್ಲ. ನಿನ್ನ ಟೇಪು ನೋಡಿದ ಕೂಡಲೇ ಸಿಟ್ಟು ಬಂದದ್ದು ಅದಕ್ಕೆ.

ನಿನ್ನದು ಆಯಿಲ್ ದೀಪವಲ್ಲ, ಗೊತ್ತು. ಆಯಿಲ್ಲಿನ ಕೆಂಪು ದೀಪವಾಗಲಿ ಟೆಂಪರೇಚರಿನದಾಗಲಿ ಹತ್ತಿದರೆ ರಸ್ತೆ ಬದಿಗೆ ತಂದು ಎಂಜಿನ್ ಬಂದ್ ಮಾಡಬೇಕು, ಬೇರೆ ಮಾತಿಲ್ಲ. ಎಂಜಿನ್ನಿನ ಹಳದಿ ದೀಪ ಒಂದೇ ಸಮ ಹತ್ತಿಕೊಂಡಿದ್ದು ಗಾಡಿ ಸರಿಯಾಗಿ ಓಡುತ್ತಿದ್ದರೆ ನಿಧಾನವಾಗಿ ಗ್ಯಾರೇಜಿನವರೆಗೆ ಹೋಗಬಹುದು. ಅದು ಮಿಣಮಿಣ ಹತ್ತಿ ಆರುತ್ತಿದ್ದರೆ ಮಾತ್ರ ಎಂಜಿನ್ ಮಿಸ್ ಹೊಡೆಯುತ್ತಿದೆ ಅಂತ ತಿಳಿ. ಸುಡದ ಪೆಟ್ರೋಲು ಸೈಲೆನ್ಸರಿನ ಕಡೆಗೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿಯುತ್ತದೆ, ಒಳಗಿನ ಜೇನುಗೂಡು ಕರಗಿಹೋಗುತ್ತದೆ. ಟೇಪಿನ ಕೆಳಗೆ ಅದು ಸುಮ್ಮನೆ ಹತ್ತಿಕೊಂಡಿತ್ತೋ ಮಿಣುಕುತ್ತಿತ್ತೋ ನಿನಗೆ ಹೇಗೆ ಗೊತ್ತಾಗಬೇಕು? ತಾಯಿಯನ್ನೂ ಕೂಸನ್ನೂ ಕೂರಿಸಿಕೊಂಡು ಶಿಕಾರಿಪುರದ ತನಕ ಹೋಗಿದ್ದೀಯಲ್ಲ, ಓದಿದವನು ಮಾಡುವ ಕೆಲಸವೇ ಇದು?

ಸರಿ, ಬೈದದ್ದು ಸಾಕು. ಅಳಿಸಿದ ದೀಪ ಯಾಕೆ ಮತ್ತೆ ಮತ್ತೆ ಬರುತ್ತದೆ ಅನ್ನುವುದನ್ನು ನಿನಗೆ ಯಾರೂ ಬಿಡಿಸಿ ಹೇಳಿದಂತಿಲ್ಲ. ನಮ್ಮಲ್ಲಿ 2010ರ ಏಪ್ರಿಲ್‌ನಿಂದ ಕಾರುಗಳಿಗೆ ಒಬಿಡಿ ವ್ಯವಸ್ಥೆ ಬಂತು, 2013ರ ಏಪ್ರಿಲ್‌ನಿಂದ ಒಬಿಡಿ-2. ಅಮೆರಿಕದಲ್ಲಿ 1996ರ ಮಾಡೆಲ್ಲಿನಿಂದಲೇ ಅದು ಕಡ್ಡಾಯ. ಈ ವ್ಯವಸ್ಥೆಯಲ್ಲಿ ಗಾಡಿಯ ಕಂಪ್ಯೂಟರ್ ತನ್ನ ಭಾಗಗಳನ್ನು ತಾನೇ ಪರೀಕ್ಷೆ ಮಾಡುತ್ತಿರುತ್ತದೆ. ದೋಷ ಕಂಡಾಗ ಕೋಡಿನ ಜೊತೆಗೆ ಆ ಗಳಿಗೆಯ ಆರ್‌ಪಿಎಂ, ವೇಗ, ಎಂಜಿನ್ನಿನ ಕಾವು, ಲೋಡು ಎಲ್ಲವನ್ನೂ ಬರೆದಿಡುತ್ತದೆ. ಅದಕ್ಕೆ ಫ್ರೀಜ್ ಫ್ರೇಮ್ ಅನ್ನುತ್ತಾರೆ. ಸ್ಕ್ಯಾನರಿನ ಹುಡುಗ ಡಿಲೀಟ್ ಒತ್ತಿದರೆ ಆ ಬರಹವೂ ಹೋಯಿತು, ಮುಗಿದಿದ್ದ ಪರೀಕ್ಷೆಗಳೂ ಮೊದಲಿನಿಂದ ಶುರು. ಕೆಲವು ಪರೀಕ್ಷೆಗಳು ನಾಲ್ಕಾರು ಸಲ ಬೇರೆ ಬೇರೆ ರೀತಿ ಓಡಿಸಿದ ಮೇಲೆಯೇ ಮುಗಿಯುತ್ತವೆ. ಅಲ್ಲಿಯವರೆಗೆ ಆ ದೋಷಕ್ಕೆ ದೀಪ ಹತ್ತುವುದಿಲ್ಲ. ನೀನು ಗಾಡಿ ಸರಿಯಾಯಿತು ಅಂದುಕೊಂಡ ಆ ನಾಲ್ಕು ದಿನ ಕಂಪ್ಯೂಟರ್ ಇನ್ನೂ ನೋಡಿಯೇ ಇರಲಿಲ್ಲ. ಪಂಚಾಯಿತಿ ಕೂಡುವ ಮೊದಲೇ ಸಾಕ್ಷಿದಾರನನ್ನು ಊರು ಬಿಡಿಸಿದ ಹಾಗಾಯಿತು ನಿನ್ನ ಕೆಲಸ. ನಿಜವಾಗಿ ದೋಷ ಹೋದರೆ ಯಾರೂ ಅಳಿಸಬೇಕಾಗಿಲ್ಲ, ಸತತ ಮೂರು ಓಟದಲ್ಲಿ ತೊಂದರೆ ಕಾಣದಿದ್ದರೆ ದೀಪ ತಾನಾಗಿಯೇ ಆರುತ್ತದೆ.

ಗಾಡಿ ಪಿಯುಸಿ ಹೊಗೆ ತಪಾಸಣೆಯಲ್ಲಿ ಪಾಸಾಗಿದೆಯಲ್ಲ ಅಂತ ವಾದ ಮಾಡಬೇಡ. ತಪಾಸಣೆಯವರು ಹೊಗೆ ಕೊಳವೆಗೆ ನಳಿಗೆ ತೂರಿಸಿ ಹೊಗೆಯನ್ನು ಅಳೆಯುತ್ತಾರೆ, ಕಂಪ್ಯೂಟರನ್ನು ಕೇಳುವುದಿಲ್ಲ.

ನೀನು ಕಳಿಸಿದ ಸ್ಕ್ಯಾನರಿನ ಫೋಟೊದಲ್ಲಿ ಪಿ-0420 ಅನ್ನುವ ಕೋಡ್ ಇದೆ. ಕನ್ವರ್ಟರ್ ಬದಲಿಸಬೇಕು ಅಂದನಂತೆ ಸ್ಕ್ಯಾನರಿನ ಹುಡುಗ. ಅಷ್ಟು ಅವಸರ ಬೇಡ. ಕನ್ವರ್ಟರಿನ ಹಿಂದೊಂದು ಮುಂದೊಂದು ಆಕ್ಸಿಜನ್ ಸೆನ್ಸರ್ ಇರುತ್ತದೆ. ಎಂಜಿನ್ ಕಡೆಯದು ಏರಿಳಿಯುತ್ತಲೇ ಇರಬೇಕು, ಆಚೆಯದು ಹೆಚ್ಚು ಕಡಿಮೆ ಒಂದೇ ಸಮ ನಿಲ್ಲಬೇಕು. ಆಚೆಯದೂ ಕುಣಿಯಲು ಶುರು ಮಾಡಿದರೆ ಕನ್ವರ್ಟರ್ ಸೋತಿದೆ ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಆದರೆ ಸೆನ್ಸರಿನ ಹತ್ತಿರ ಸೈಲೆನ್ಸರ್ ಪೈಪು ಸೀಳಿ ಗಾಳಿ ಎಳೆದರೂ ಅದೇ ಕೋಡ್ ಬರಬಹುದು. ಎಂಜಿನ್ ಮಿಸ್ ಹೊಡೆದು ಅಥವಾ ಆಯಿಲ್ ಕುಡಿದು ಕನ್ವರ್ಟರನ್ನು ಹಾಳು ಮಾಡಿದ್ದರೆ ಹೊಸದು ಹಾಕಿದರೂ ಅದೂ ಹಾಳಾಗುತ್ತದೆ. ಒಳಗೆ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಇರುವ ಸಾಮಾನು, ಅಗ್ಗಕ್ಕೆ ಬರುವುದಿಲ್ಲ.

ಹೋದ ಸುಗ್ಗಿಯಲ್ಲಿ ನಮ್ಮ ಓಣಿಯವರ ಕಾರಿಗೂ ಹೀಗೇ ಆಗಿತ್ತು. ಒಂದರ ಮೇಲೊಂದು ಸೆನ್ಸರ್ ಬದಲಿಸಿದರೂ ದೀಪ ಹೋಗಲಿಲ್ಲ. ಅವರ ಕಾರು ಗೋವಿನಜೋಳದ ರಾಶಿಯ ಪಕ್ಕದಲ್ಲಿ ನಿಲ್ಲುತ್ತಿತ್ತು. ಎಂಜಿನ್ ಚಾಲೂ ಇಟ್ಟು ವೈರಿನ ಕಟ್ಟನ್ನು ಗೇಣು ಗೇಣಾಗಿ ಅಲುಗಾಡಿಸುತ್ತ ಹೋದೆ. ಒಂದು ಕಡೆ ಮುಟ್ಟಿದ ಕೂಡಲೇ ಐಡ್ಲಿಂಗ್ ತೊದಲಿತು. ಟೇಪು ಸುತ್ತಿದ್ದನ್ನು ಬಿಚ್ಚಿದರೆ ಇಲಿಯ ಹಲ್ಲಿನ ಸಣ್ಣ ಸಣ್ಣ ಗುರುತು, ಕೆಳಗೆ ಬರಿಯ ತಾಮ್ರ. ಗಾಡಿ ಗುಂಡಿಗೆ ಇಳಿದಾಗ ಮಾತ್ರ ಅದು ಗಾಡಿಯ ಮೈಗೆ ತಾಗುತ್ತಿತ್ತು. ಬೆಸುಗೆ ಹಾಕಿ ಸ್ಲೀವ್ ತೊಡಿಸಿದೆ, ಮುಗಿಯಿತು.

ಮಾರುವ ಮಾತಿಗೆ ಬರುತ್ತೇನೆ. ಗಾಡಿಗೆ ವಯಸ್ಸಾಗಿದೆ, ನಿನಗೆ ಬಿಡುವಿಲ್ಲ, ಬೆಂಗಳೂರಿನಲ್ಲಿ ನಿಲ್ಲಿಸಲು ಜಾಗವೂ ಕಷ್ಟ. ಇವೆಲ್ಲ ಒಪ್ಪತಕ್ಕ ಕಾರಣಗಳೇ. ಆದರೆ ಎಂಜಿನ್ ಸದ್ದು ನಾನು ಕೇಳಿದ್ದೇನೆ, ಇನ್ನೂ ಗಟ್ಟಿಯಾಗಿದೆ. ಕಾರಣ ಹುಡುಕದೆ ಮಾರಿದರೆ ಬೆಲೆಯೂ ಹೋಗುತ್ತದೆ. ದೀಪ ಅಳಿಸಿ, ಏನೂ ಇಲ್ಲವೆಂದು ಹೇಳಿ ಮಾರುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡು. ಸ್ಕ್ಯಾನರ್ ಇಟ್ಟುಕೊಂಡ ಗಿರಾಕಿ ಪರೀಕ್ಷೆಗಳು ಮುಗಿಯದಿರುವುದನ್ನು ನೋಡಿಯೇ ಇತ್ತೀಚೆಗೆ ಅಳಿಸಿದ್ದಾರೆ ಅಂತ ಹಿಡಿದುಬಿಡುತ್ತಾನೆ. ಅದು ಗೊತ್ತಾಗದ ಬಡಪಾಯಿ ಕೊಂಡರೆ ಅವನ ಹೆಂಡತಿ ಮಕ್ಕಳೂ ಅದೇ ಸೀಟಿನಲ್ಲಿ ಕೂರುವವರು. ಮಾರಲೇಬೇಕಾದರೆ ಕೋಡ್ ಬರೆದ ಚೀಟಿಯನ್ನೂ ಕೈಗೆ ಕೊಟ್ಟು ಮಾರು. ನನ್ನನ್ನು ಕೇಳಿದರೆ, ಮೊದಲು ರಿಪೇರಿ ಮಾಡಿಸು.

ನನ್ನ ಮಾತು ಗಡುಸಾಗಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಚಿಕ್ಕಂದಿನಲ್ಲಿ ನನ್ನ ಗ್ಯಾರೇಜಿಗೆ ಬಂದು ಬೋಲ್ಟುಗಳನ್ನು ಸೈಜಿನ ಪ್ರಕಾರ ಜೋಡಿಸಿಡುತ್ತಿದ್ದವನು ನೀನು, ನಿನಗೆ ಈ ಕೆಲಸ ತಿಳಿಯದ್ದಲ್ಲ. ಮುಂದಿನ ಸಲ ಶನಿವಾರ ಬಿಟ್ಟು ಬಾ, ಗುಡಿಯ ಮುಂದೆ ಗದ್ದಲ ಇರುವುದಿಲ್ಲ. ಎರಡು ದಿನ ಇರುವ ಹಾಗೆ ಬಾ. ಸೈಲೆನ್ಸರ್ ಪೈಪು, ಪ್ಲಗ್ಗು, ವೈರಿಂಗು ಎಲ್ಲ ಇಬ್ಬರೂ ಕೂತು ನೋಡೋಣ. ನನ್ನ ಕಣ್ಣು ಈಗ ಮಂಜು, ಸ್ಕ್ಯಾನರಿನ ಅಂಕಿ ನೀನೇ ಓದಿ ಹೇಳಬೇಕು. ಅಲ್ಲಿಯವರೆಗೆ ಯಾರಿಗೂ ಡಿಲೀಟ್ ಮಾಡಲು ಬಿಡಬೇಡ, ಫ್ರೀಜ್ ಫ್ರೇಮಿನ ಪುಟವನ್ನು ಫೋಟೊ ಹೊಡೆದು ಇಟ್ಟುಕೋ. ನಾಳೆ ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಆಯಿಲ್ ಕಡ್ಡಿ ಎತ್ತಿ ಒರೆಸಿ, ಮತ್ತೆ ಇಳಿಸಿ ನೋಡು. ಮಟ್ಟ ಎಲ್ಲಿದೆ ಅಂತ ಫೋನ್ ಮಾಡಿ ಹೇಳು.

ಇಂತಿ ನಿನ್ನ ಸೋದರಮಾವ